ಮಂಜಿನ ದೇಶದ ತಾಯಿ, ಮೇಲ್ಮನೆ ಅಕ್ಕನ ಬಾಯಲ್ಲಿ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಒಣಖರ್ಜೂರ, ಬೆಲ್ಲ, ಎಲ್ಲದರ ಹಿಂದೆ ಸಣ್ಣಗೆ ಜಾಜಿಕಾಯಿ... ಅಡುಗೆಮನೆ ತುಂಬ ಆ ವಾಸನೆ ಹರಡಿಕೊಂಡಿತು. ಒಳಗೆ ಮಲಗಿದ್ದ ಮಗಳು ಏನಮ್ಮಾ ಅದು ಎಂದು ಕೇಳಿದಳು. ಬಾಣಂತಿಗೆ ಅಂಟಿನುಂಡೆ ಬಂದಿದೆ ಎಂದೆ. ಅಷ್ಟು ಹೇಳಿ ಮುಚ್ಚಳ ಮತ್ತೆ ಮುಚ್ಚಿದೆ.

ನಾನೀಗ ಅಜ್ಜಿ. ಈ ಮಾತನ್ನು ಹಾಲಿನ ಬೂತಿನವನಿಗೆ ಹೇಳಿದ್ದೇನೆ, ಕರೆಂಟ್ ಮೀಟರ್ ನೋಡಲು ಬಂದವನಿಗೂ ನಿಲ್ಲಿಸಿ ಹೇಳಿದ್ದೇನೆ. ಮದುವೆಯಾಗಿ ಎಷ್ಟೋ ವರ್ಷ ಕಾದು, ಆಸ್ಪತ್ರೆ ಮೆಟ್ಟಿಲು ದೇವಸ್ಥಾನದ ಮೆಟ್ಟಿಲು ಎರಡನ್ನೂ ಸವೆಸಿ, ಇನ್ನು ಆಗಲಿಕ್ಕಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ನನ್ನ ಮಗಳಿಗೆ ಮಗಳು ಹುಟ್ಟಿದ್ದಾಳೆ. ಇನ್ನೂ ತಿಂಗಳು ತುಂಬಿಲ್ಲ. ಆಕಳಿಸಿದರೆ ಮೂಗೇ ಮಾಯವಾಗುತ್ತದೆ, ಅಷ್ಟು ಪುಟ್ಟ ಮುಖ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆಯಲು ಕೂತರೆ ಒತ್ತಕ್ಷರ ಕೈಕೊಡುತ್ತದೆ. ಆದರೂ ಬರೆಯುತ್ತಿದ್ದೇನೆ. ಇಂಥ ಸಂತೋಷದ ಮನೆಯಲ್ಲಿ ಅತ್ತರೆ ಮಗಳು ಬೈಯುತ್ತಾಳೆ, ಬರೆದರೆ ಬೈಯುವುದಿಲ್ಲ.

ಆ ಉಂಡೆಯನ್ನು ನನ್ನ ಮಗಳಿಗೆ ಮಾಡಿಕೊಡಬೇಕಾಗಿದ್ದವರು ಮೇಲ್ಮನೆ ಅಕ್ಕ.

ಹೇರೋಹಳ್ಳಿಯಲ್ಲಿ ನಾವು ಅವರೆ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಮನೆ ಇದೆ. ಕೆಳಗೆ ನಾನು, ಮೇಲೆ ಬಾಡಿಗೆ. ಮೇಲ್ಮನೆಗೆ ಅವರು ಗದಗಿನ ಕಡೆಯಿಂದ ಬಂದರು. ತಂಗಿಯ ಮಗನಿಗೆ ಇಲ್ಲಿ ಡೆಲಿವರಿ ಕೆಲಸ. ಅವನಿಗೆ ರೊಟ್ಟಿ ಬಡಿದು ಹಾಕಲು ದೊಡ್ಡಮ್ಮ ಬಂದಿದ್ದರು. ಗಂಡ ತೀರಿಹೋಗಿದ್ದರು. ಮಕ್ಕಳು? ಎಂದು ನಾನು ಮೊದಲ ದಿನವೇ ಕೇಳಿದ್ದೆ. ಇಲ್ಲರೀ, ಎಂದಿದ್ದರು. ಅಷ್ಟೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ದೊಡ್ಡವಳಾಗಲು ಇಬ್ಬರಿಗೂ ಮನಸ್ಸಿರಲಿಲ್ಲ.

ನಮ್ಮ ಸ್ನೇಹ ಗಟ್ಟಿಯಾಗಿದ್ದು ಒಂದು ಪರದೇಶದ ಸೀರಿಯಲ್‌ನಿಂದ. ಮಗಳು ಭಾನುವಾರ ಮಲ್ಲತ್ತಹಳ್ಳಿಯಿಂದ ಬಂದಾಗ ನಮ್ಮ ಟಿವಿಯಲ್ಲಿ ಅದನ್ನು ನೋಡುತ್ತಿದ್ದಳು. ಸ್ವೀಡನ್ನೋ ಡೆನ್ಮಾರ್ಕೋ, ಆ ಕಡೆಯ ಪೊಲೀಸ್ ಕತೆ, ಮಾತೆಲ್ಲ ಹಿಂದಿಯಲ್ಲಿ ಕೂಡಿಸಿದ್ದು. ಅವಳು ಹೋದ ಮೇಲೂ ರಿಮೋಟಿನ ನಡುವಿನ ಗುಂಡಿ ಒತ್ತಿದರೆ ಅದೇ ಬರುತ್ತಿತ್ತು. ನನಗೆ ಹಿಂದಿ ಒಂದಕ್ಷರ ಬಾರದು. ಅಕ್ಕ ಗಂಡನ ಜೊತೆ ಸೊಲ್ಲಾಪುರದಲ್ಲಿ ಬಹಳ ಕಾಲ ಇದ್ದವರು, ಹಿಂದಿ ನೀರು ಕುಡಿದಷ್ಟು ಸಲೀಸು. ಒಂದು ಮಧ್ಯಾಹ್ನ ಶೇಂಗಾ ಬಿಡಿಸಲು ಮೊರ ಹಿಡಿದು ಕೆಳಗೆ ಬಂದವರು, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಪಕ್ಕದಲ್ಲಿ ಕೂತರು. ಅವರು ಏನೆಂದರು, ಇವಳು ಏನೆಂದಳು, ಒಂದೊಂದನ್ನೂ ತಮ್ಮ ಕನ್ನಡದಲ್ಲಿ ಹೇಳುತ್ತ ಹೋದರು. ಅಲ್ಲಿಂದ ಅದೇ ರೂಢಿಯಾಯಿತು. ಊಟವಾದ ಮೇಲೆ ಶೇಂಗಾ ಮೊರ, ಟಿವಿ, ಅಕ್ಕನ ಕನ್ನಡ.

ಕತೆ ಇಷ್ಟೇ. ಮಂಜು ಬೀಳುವ ಸಣ್ಣ ಊರು. ಒಂದು ಪುಟ್ಟ ಹುಡುಗಿ ಕಾಣೆಯಾಗುತ್ತಾಳೆ, ಆಮೇಲೆ ಮಂಜುಗಟ್ಟಿದ ಕೆರೆಯಲ್ಲಿ ಸಿಗುತ್ತಾಳೆ. ಕಾಣೆಯಾಗುವ ಮುಂಚೆ ಕೊನೆಯದಾಗಿ ಮಗುವಿನ ಜೊತೆ ಇದ್ದವಳು ತಾಯಿ. ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಒಬ್ಬ ಪೊಲೀಸಮ್ಮ ಅವಳ ಮನೆಗೆ ಬರುವುದು, ಎದುರಿಗೆ ಕೂರುವುದು, ಸುಮ್ಮನೆ ನೋಡುವುದು.

ನೋಡಿದವರಿಗೆಲ್ಲ ಒಂದೊಂದು ಅಭಿಪ್ರಾಯ. ಮಗಳಿಗೆ ಆ ಸೀರಿಯಲ್ ಎಂದರೆ ಪ್ರಾಣ, ಬೆಳಕು ಚೆನ್ನಾಗಿದೆ, ನಿಧಾನವೇ ಅದರ ಚೆಂದ ಎನ್ನುತ್ತಿದ್ದಳು. ಅಳಿಯ ಮೊದಲ ಕಂತಿಗೇ ನಿದ್ದೆ ಹೋಗಿದ್ದ. ನನಗೋ, ಅಲ್ಲಿ ಸೂರ್ಯನೂ ರಜಾ ಹಾಕಿದ್ದಾನೆ ಅನಿಸುತ್ತಿತ್ತು. ಆ ಪೊಲೀಸಮ್ಮ ಒಂದು ದಿನ ಕೂತು ಊಟ ಮಾಡಿದ್ದನ್ನು ನಾನು ಕಾಣೆ, ಬರೀ ಕರೀ ಕಾಫಿ. ಯಾರೂ ಯಾರ ಮೇಲೂ ಕಿರುಚುವುದಿಲ್ಲ, ಬಾಗಿಲು ತಟ್ಟಿದವರನ್ನು ಒಳಗೆ ಬನ್ನಿ ಎನ್ನುವುದಿಲ್ಲ.

"ಇವರು ಮಂದಿ ಅಲ್ಲರೀ ಅಕ್ಕಾರ, ಫ್ರಿಜ್ಜಿನ್ಯಾಗ ಇಟ್ಟ ಪಲ್ಲೆ" ಎಂದು ಅಕ್ಕ ನಗಿಸುತ್ತಿದ್ದರು.

ಆದರೆ ಕೊಂದವರು ಯಾರು ಎನ್ನುವ ವಿಷಯಕ್ಕೆ ಬಂದರೆ ಅವರು ನಗುತ್ತಿರಲಿಲ್ಲ. ಮಗಳು, ಅವಳ ಆಫೀಸಿನವರು, ಫೋನಿನಲ್ಲಿ ಅದರ ಬಗ್ಗೆ ಬರೆಯುವವರು, ಎಲ್ಲರೂ ತಾಯಿಯ ಮೇಲೇ ಬೊಟ್ಟು ಮಾಡಿದ್ದರು. ನಾನೂ ಅದೇ ಸಾಲಿನಲ್ಲಿದ್ದೆ. ಹೆತ್ತ ಮಗು ಹೋದರೆ ಎದೆ ಬಡಿದುಕೊಂಡು ಅಳದ ತಾಯಿ ಉಂಟೇ? ಅಕ್ಕ ಒಬ್ಬರು ಮಾತ್ರ ಇಲ್ಲ, ಅವಳಲ್ಲ ಎನ್ನುತ್ತಿದ್ದರು. ಅಳುವುದು ಬಿಡುವುದು ಕೈಯಲ್ಲಿ ಇರುವುದಿಲ್ಲ, ಕೆಲವರಿಗೆ ಒಳಗೇ ಹೆಪ್ಪುಗಟ್ಟುತ್ತದೆ, ಆ ಕೆರೆ ನೋಡಿರಿ, ನೀರು ಇಲ್ಲ ಅಂತೀರೇನು... ಹೀಗೆ ವಾದ ಮಾಡುತ್ತಿದ್ದರು.

ಒಂದು ಕಂತಿನಲ್ಲಿ ಪೊಲೀಸಮ್ಮ ಮತ್ತೆ ಬಂದು ತಾಯಿಯ ಎದುರು ಕೂತಳು. ತಾಯಿ ಕಿಟಕಿಯ ಕಡೆ ನೋಡುತ್ತ ಏನೋ ಸ್ವಲ್ಪ ಹೇಳಿದಳು. ಅಕ್ಕನ ಕೈಯಲ್ಲಿ ಶೇಂಗಾ ನಿಂತಿತು.

"ನಾ ಅರಿವಿ ಒಗಿಯಾಕ ಕುಂತಿದ್ದೆ ಅಂತಾಳ" ಎಂದರು. "ಕೂಸು ಬೆನ್ನಿಂದ ಆಡಾಕತ್ತಿತ್ತು. ಕಾಲಾಗ ಗೆಜ್ಜಿ ಇದ್ವು. ಗೆಜ್ಜಿ ಸಪ್ಪಳ ಯಾವಾಗ ನಿಂತಿತೋ ನನಗ ಗೊತ್ತ ಆಗಲಿಲ್ಲ ಅಂತಾಳ."

ಕಲ್ಲಿನ ಹಾಗೆ ಗಟ್ಟಿಯಾದ ಕೆರೆಯಲ್ಲಿ ಬಟ್ಟೆ ಹೇಗೆ ಒಗೆಯುತ್ತಾರೆ ಎಂದು ಕೇಳಿದೆ. ಬೇಸಿಗೆಯಲ್ಲಿ ಕರಗುತ್ತದೆ ಎಂದರು. ಇರಬಹುದು ಅಂದುಕೊಂಡೆ. ಅಷ್ಟು ದೂರದ ದೇಶದಲ್ಲೂ ಹೆಣ್ಣುಮಗುವಿನ ಕಾಲಿಗೆ ಗೆಜ್ಜೆ ಹಾಕುತ್ತಾರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಆಮೇಲಿನ ಕಂತುಗಳಲ್ಲಿ ಆ ತಾಯಿ ಬಾಯಿ ತೆರೆದಾಗಲೆಲ್ಲ ಇಂಥ ಮಾತೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತಂದಿಟ್ಟು ಉಣಿಸುತ್ತಾರೆ, ನಮ್ಮಲ್ಲೂ ಹಾಗೇ, ಅಕ್ಕನ ಗದಗಿನ ಕಡೆಯೂ ಹಾಗೇ. ಅಲ್ಲಿ ಆ ತಾಯಿಯ ಮನೆಗೆ ಯಾರೂ ಏನೂ ತರಲಿಲ್ಲ. ಓಣಿಯವರು ಒಬ್ಬರೂ ಒಂದು ತುತ್ತು ತರಲಿಲ್ಲ, ಬಾಗಿಲು ಹಾಕಿಕೊಂಡರು ಅಂತಾಳೆ, ಎಂದು ಅಕ್ಕ ಹೇಳಿದರು. ಹೇಳುವಾಗ ಟಿವಿ ನೋಡುತ್ತಿರಲಿಲ್ಲ, ಮೊರ ನೋಡುತ್ತಿದ್ದರು.

ನನ್ನ ಮನಸ್ಸು ಕರಗುತ್ತ ಬಂತು. ಒಂದು ಮಧ್ಯಾಹ್ನ ಕಂತಿನ ನಡುವೆಯೇ ಹೇಳಿಬಿಟ್ಟೆ: "ಅವಳು ಮಾಡಿಲ್ಲ ಬಿಡಕ್ಕ. ಬಟ್ಟೆ ಒಗೀತಾ ಕೂತೋಳಿಗೆ ಬೆನ್ನಲ್ಲಿ ಕಣ್ಣಿರುತ್ತಾ?"

ಅಕ್ಕ ನನ್ನ ಕಡೆ ತಿರುಗಿದರು. "ಖರೇನ?"

ಖರೇನೇ ಎಂದೆ, ಅವರ ಹಾಗೆಯೇ ರಾಗ ಎಳೆದು.

"ಇನ್ನೊಮ್ಮೆ ಅನ್ರೀ."

ಪಂದ್ಯ ಗೆದ್ದ ಖುಷಿಗೆ ಕೇಳುತ್ತಿದ್ದಾರೆ ಎಂದುಕೊಂಡು, ತಮಾಷೆಗೆ ಟಿವಿಯಲ್ಲಿದ್ದ ಪೊಲೀಸಮ್ಮನಿಗೇ ಕೇಳಿಸುವಷ್ಟು ಜೋರಾಗಿ ಹೇಳಿದೆ, ಆಯಮ್ಮ ಮಾಡಿಲ್ಲ ಕಣೇ, ಅವಳನ್ನ ಬಿಟ್ಟುಬಿಡು ಎಂದು. ಅಕ್ಕ ನಗಲಿಲ್ಲ. ಮೊರ ಅಲ್ಲೇ ಬಿಟ್ಟು ಎದ್ದು ಮೇಲೆ ಹೋದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ನಡುವೆ ಒಮ್ಮೆ ನಿಂತು ಮತ್ತೆ ಹತ್ತಿದ್ದು ಕೇಳಿಸಿತು. ಮಾರನೆಯ ದಿನ ಏನೂ ಆಗದವರ ಹಾಗೆ ಬಂದು ಕೂತರು. ಆವತ್ತೇ ಹೇಳಿದ್ದು, ನಿಮ್ಮ ಮಗಳು ಬಸುರಾಗುತ್ತಾಳೆ, ಅವಳ ಬಾಣಂತನಕ್ಕೆ ಅಂಟಿನುಂಡೆ ನನ್ನದು ಎಂದು. ಆಗ ನನಗೇ ಆ ಆಸೆ ಬತ್ತಿಹೋಗಿತ್ತು. ಅಕ್ಕ ಮಾತ್ರ ಬೆಲ್ಲ ಎಲ್ಲಿಂದ ತರಿಸಬೇಕು ಎನ್ನುವವರೆಗೆ ಯೋಚಿಸಿದ್ದರು.

ಕೊನೆಯ ಕಂತಿನಲ್ಲಿ ಪೊಲೀಸಮ್ಮ ತಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಕಾರು ಮಂಜಿನಲ್ಲಿ ಹೊರಟಿತು. ಹಿಡಿದುಕೊಂಡು ಹೋದರಾ ಎಂದು ಗಾಬರಿಯಾಗಿ ಕೇಳಿದೆ. ಇಲ್ಲ, ತಪ್ಪು ತಿಳಿದುಕೊಂಡಿದ್ದೆವು ತಾಯಿ ಎಂದು ಕೈಮುಗಿದು ತವರುಮನೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದರು ಅಕ್ಕ. ಕೈಮುಗಿದಿದ್ದು ನನಗೆ ಕಾಣಲಿಲ್ಲ. ಆದರೂ ನೆಮ್ಮದಿಯಾಯಿತು.

ಆ ಬೇಸಿಗೆಯಲ್ಲೇ ಅಕ್ಕನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ತೋರಿಸಿದರು, ಆಮೇಲೆ ಊರಲ್ಲಿ ಸುಧಾರಿಸಿಕೊಳ್ಳಲಿ ಎಂದು ತಂಗಿಯ ಮಗ ಕರೆದುಕೊಂಡು ಹೋದ. ಗೇಟಿನ ಹತ್ತಿರ ನನ್ನ ಕೈ ಹಿಡಿದು, ಬರ್ತೀನ್ರೀ ಅಕ್ಕಾರ ಎಂದರು. ಹೊಸ ಸೀರಿಯಲ್ ಹುಡುಕಿ ಇಟ್ಟಿರುತ್ತೇನೆ ಎಂದೆ. ಕೆಲವು ವಾರಕ್ಕೆ ಫೋನ್ ಬಂತು... ಊರಲ್ಲೇ ಹೋದರು, ಮಣ್ಣೂ ಆಯಿತು ಎಂದು.

ಆವತ್ತು ನಾನು ಅನ್ನ ಮಾಡಿದೆ, ಸಾರು ಮಾಡಿದೆ. ಪಾತ್ರೆ ಹಿಡಿದು ಮೇಲೆ ಹತ್ತಿದೆ. ಬಾಗಿಲಿಗೆ ಬೀಗ ಇತ್ತು. ಬೀಗ ಇದೆ ಎಂದು ಕೆಳಗಿದ್ದಾಗಲೂ ನನಗೆ ಗೊತ್ತಿತ್ತು. ಪಾತ್ರೆಯ ಬಿಸಿ ಆರುವವರೆಗೂ ಅಲ್ಲೇ ನಿಂತಿದ್ದೆ.

ವರ್ಷ ಕಳೆಯಿತು. ಮಗಳು ಬಸುರಾದಳು. ಡಾಕ್ಟರು ಏಳಬೇಡ ಎಂದಿದ್ದರಿಂದ ನಮ್ಮ ಮನೆಗೇ ಬಂದು ಮಲಗಿದಳು, ಹೊತ್ತು ಹೋಗದೆ ಅದೇ ಸೀರಿಯಲ್ ಮತ್ತೆ ಹಾಕಿದಳು. ಬಟ್ಟೆ ಒಗೆಯುವ ಮಾತು ಬರುತ್ತೆ ನೋಡು ಈಗ ಎಂದೆ ನಾನು. ಯಾವ ಬಟ್ಟೆ ಎಂದಳು. ಟಿವಿಯಲ್ಲಿ ಆ ತಾಯಿ ಕಿಟಕಿಯ ಕಡೆ ನೋಡಿದಳು, ಏನೋ ಸ್ವಲ್ಪ ಹೇಳಿದಳು. ಏನಂದಳು ಎಂದು ಕೇಳಿದೆ.

"'ನನಗೆ ನೆನಪಿಲ್ಲ' ಅಂದಳಮ್ಮ. ಅಷ್ಟೇ."

ಗೆಜ್ಜೆ ಇರಲಿಲ್ಲ. ಒಂದು ತುತ್ತು ಅನ್ನದ ಮಾತೂ ಇರಲಿಲ್ಲ. ಕೊನೆಯಲ್ಲಿ ಕಾರು ಹೋಗಿದ್ದು ಜೈಲಿಗೆ. ಆ ತಾಯಿಯೇ ಕೊಂದಿದ್ದಳು. ಮೇಲ್ಮನೆ ಆಂಟಿ ಚೆನ್ನಾಗಿ ಯಾಮಾರಿಸಿದ್ದಾರೆ ನಿನ್ನ ಎಂದು ಮಗಳು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ, ಆದರೆ ಮನಸ್ಸಿಗೆ ಚುಚ್ಚಿತು. ಹಿಂದಿ ಬಾರದವಳು ಎಂದು ನನಗೆ ಸುಳ್ಳು ಕತೆ ಯಾಕೆ ಹೇಳಬೇಕಿತ್ತು? ಹೋದವರ ಮೇಲೆ ಕೋಪ ಮಾಡಿಕೊಳ್ಳಬಾರದು, ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಅಕ್ಕನ ತಂಗಿ ಊರಿಂದ ಬಂದರು. ಮಗನ ಹತ್ತಿರ ನಮ್ಮ ಮೊಮ್ಮಗಳ ವಿಷಯ ತಿಳಿದು ಈ ಡಬ್ಬಿ ಹೊತ್ತು ತಂದಿದ್ದರು. ತೀರಿಹೋಗುವ ಮುಂಚೆ ಅಕ್ಕ ಮಾತು ತೆಗೆದುಕೊಂಡಿದ್ದರಂತೆ, ಆ ಮನೆಯ ಮಗಳು ಹಡೆದರೆ ನನ್ನ ಹೆಸರಲ್ಲಿ ಉಂಡೆ ಮುಟ್ಟಿಸು ಎಂದು. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಮ್ಮಕ್ಕ ಆ ಮಾತು ಯಾರ ಮುಂದೂ ತಗದಾಕಿ ಅಲ್ಲರೀ. ನಿಮ್ಮ ಒಬ್ಬರ ಮುಂದ ಹೇಳ್ಯಾಳಲ್ಲ" ಎಂದರು.

ಯಾವ ಮಾತೋ ನನಗೆ ಗೊತ್ತಿರಲಿಲ್ಲ. ನನಗೆಲ್ಲ ಗೊತ್ತಿದೆ ಎಂದೇ ತಿಳಿದು ಅವರು ಹೇಳುತ್ತ ಹೋದರು. ಅಕ್ಕನಿಗೆ ಒಂದು ಹೆಣ್ಣುಮಗು ಇತ್ತು. ಊರ ಹೊಂಡದಲ್ಲಿ ಬಟ್ಟೆ ಒಗೆಯುವಾಗ ಬೆನ್ನ ಹಿಂದೆಯೇ ಜಾರಿತು. ಅಕ್ಕ ಅಳಲಿಲ್ಲ. ಅಳಲಿಲ್ಲ ಎಂದೇ ಓಣಿಯವರು ಇವಳೇ ತಳ್ಳಿದ್ದಾಳೆ ಎಂದರು, ಹೆಣ್ಣು ಬೇಡವಾಗಿತ್ತು ಎಂದರು. ಸಾವಿನ ಮನೆಗೆ ಯಾರೂ ಊಟ ತರಲಿಲ್ಲ. ಗಂಡ ಅಲ್ಲಿಂದ ಬಿಡಿಸಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ, ಎಂದೂ ಬೈದವರಲ್ಲ. ಆದರೆ ನೀನು ಮಾಡಿಲ್ಲ ಎಂದು ಸಾಯುವ ತನಕ ಬಾಯಿ ಬಿಟ್ಟು ಹೇಳಲೇ ಇಲ್ಲವಂತೆ.

"ಕಡೀಕ ಭಾಳ ಸಮಾಧಾನದಾಗ ಹೋದಳ್ರೀ. ಹೇರೋಹಳ್ಳಿ ಅಕ್ಕಾರು ಅಂದಾರ, ಆಕಿ ಮಾಡಿಲ್ಲಂತ ಎರಡ ಸಲ ಅಂದಾರ, ಅಂತಿದ್ದಳು."

ನಾನು ತಲೆ ಆಡಿಸಿದೆ. ಬೇರೆ ಏನು ಮಾಡಲಿ? ಇನ್ನೊಮ್ಮೆ ಅನ್ನಿ ಎಂದು ಅವರು ಕೇಳಿದಾಗ ನಾನು ಆ ಮಾತನ್ನು ಟಿವಿಗೆ ಹೇಳಿದ್ದೆ. ಗೊತ್ತಿದ್ದರೆ ಅವರ ಮುಖ ಹಿಡಿದು ಹೇಳುತ್ತಿದ್ದೆ, ಅವರು ಸಾಕು ಎನ್ನುವವರೆಗೂ ಹೇಳುತ್ತಿದ್ದೆ... ಈಗ ಹೇಳಲು ಮೇಲ್ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

ತಂಗಿ ಹೋದ ಮೇಲೆ ಮಗಳಿಗೆ ಉಂಡೆ ಕೊಟ್ಟೆ. ಅರ್ಧ ಬಾಯಲ್ಲಿಟ್ಟುಕೊಂಡೇ, ಸುಳ್ಳು ಕತೆ ಹೇಳಿದರೂ ಆಂಟಿ ಮಾತು ಉಳಿಸಿಕೊಂಡರಲ್ಲಮ್ಮ, ಆ ತಾಯಿ ಜೈಲಿಗೆ ಹೋದದ್ದು ಮಾತ್ರ ಪಾಪ ನಿನಗೆ ಗೊತ್ತೇ ಆಗಲಿಲ್ಲ ಎಂದು ಛೇಡಿಸಿದಳು.

"ನಿನ್ನ ಸೀರಿಯಲ್‌ನಲ್ಲಿ ಹೋಗಿರಬಹುದು" ಎಂದೆ. "ನಮ್ಮದರಲ್ಲಿ ಅವಳು ಮಾಡಿಲ್ಲ ಕಣೇ."

ಮಗಳು ನನ್ನ ಮುಖ ನೋಡುತ್ತ ಇನ್ನರ್ಧ ಉಂಡೆ ಬಾಯಿಗಿಟ್ಟಳು. ಅವಳಿಗೆ ಎಲ್ಲ ಹೇಳುತ್ತೇನೆ, ಬಾಣಂತನ ಮುಗಿಯಲಿ. ಹಸೀ ಬಾಣಂತಿಗೆ ಹೇಳುವ ಮಾತಲ್ಲ ಅದು.

ಹೆಸರಿಟ್ಟ ದಿನ ಮೊಮ್ಮಗಳ ಕಾಲಿಗೆ ಬೆಳ್ಳಿ ಗೆಜ್ಜೆ ಹಾಕಿದ್ದೇವೆ. ನಡೆಯುವುದಿರಲಿ, ಇನ್ನೂ ಮಗ್ಗುಲಾಗಲೂ ಬಾರದು. ತೊಟ್ಟಿಲಲ್ಲಿ ಮಲಗಿ ಕಾಲು ಝಾಡಿಸುತ್ತಾಳೆ, ಮನೆಯೆಲ್ಲ ಸಪ್ಪಳ. ಆ ಸಪ್ಪಳ ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ. ಈಗ ನಿಂತಿದೆ. ನಿದ್ದೆ ಬಂದಿರುತ್ತದೆ, ಬೇರೇನೂ ಇರುವುದಿಲ್ಲ. ಆದರೂ ಎದ್ದು ಹೋಗಿ ನೋಡಿ ಬರುತ್ತೇನೆ.