ಕಂಬಕ್ಕೆ ಸುತ್ತಿದ ಗಂಜಿನೂಲು

ನಾನು ನಿಂತಿದ್ದು ಸೇಲಂನ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ, ಬಾಗಿಲಿಂದ ಎರಡು ಹೆಜ್ಜೆ ಒಳಗೆ, ನೇಯುವವರು ಕಾಲು ಇಳಿಬಿಟ್ಟು ಕೂರಲು ಹೊಸದಾಗಿ ತೋಡಿದ್ದ ಗುಂಡಿಯ ಎಡಪಕ್ಕದಲ್ಲಿ. ಮೂವತ್ತರ ದಶಕದ ನಡುಭಾಗ. ಬೇಸಿಗೆಯ ಚಿತ್ತಿರೈ ತಿಂಗಳ ಒಂದು ಶುಕ್ರವಾರ. ಬೆಳಗಿನ ಊಟ ಮುಗಿದು ಪಾತ್ರೆ ತೊಳೆದಿಟ್ಟ ಹೊತ್ತು. ಆಗ ನನಗೆ ಇಪ್ಪತ್ತು ವರ್ಷ. ಮಗ್ಗದ ಅಡ್ಡತೊಲೆ ಬಿದ್ದಿದ್ದು ನನ್ನ ಬಲಗೈಯಿಂದ ಒಂದು ಮೊಳ ದೂರಕ್ಕೆ, ಅತ್ತೆಯ ತಲೆಯಿಂದ ಒಂದು ಗೇಣು ದೂರಕ್ಕೆ. ಇಷ್ಟನ್ನು ಮೊದಲೇ ಹೇಳಿ, ಉಳಿದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಕಂಬೈನಲ್ಲೂರಿನಿಂದ ತವರಿಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಹೆಂಗಸರು ರಾಟೆಯಲ್ಲಿ ನೂಲು ಸುತ್ತುವುದು, ಗಂಡಸರು ಮಗ್ಗದಲ್ಲಿ ಕೂರುವುದು ನಡೆದುಬಂದ ರೀತಿ. ಅತ್ತೆ ಮಾತ್ರ ತನಗೊಂದು ಮಗ್ಗ ಬೇಕೆಂದು ವರ್ಷವಿಡೀ ತಾತನ ಬೆನ್ನು ಬಿಡಲಿಲ್ಲ. ಕೊನೆಗೆ ತಾತ ಒಂದು ಷರತ್ತು ಹಾಕಿದ.

"ನಿಲ್ಲಿಸ್ಕೊ. ಶುಕ್ರವಾರ ನಾನು ಇಡ್ಕೊಂಡು ಅಲ್ಲಾಡಿಸ್ತೀನಿ. ಅಲುಗಿದ್ರೆ ಕಂಬ ಒಲೆಗೆ, ನೀನು ರಾಟೆಗೆ."

ಅದಿಯಮಾನ್‌ಕೋಟೆಯಿಂದ ವಯಸ್ಸಾದ ಆಚಾರಿಯೊಬ್ಬ ಬಂದ. ಅವನ ಬಲಗೈ ಮಣಿಕಟ್ಟು ಬಾತಿತ್ತು. ಅವನು ಗೀಟು ಹಾಕುವುದು, ನಾನು ಕುಯ್ಯುವುದು ಎಂದಾಯಿತು. ಕೆಲಸ ಹೇಳಿದರೆ ಸುಲಭ: ಬೇವಿನ ಎರಡು ಕಂಬ, ಅವುಗಳ ಮೇಲೊಂದು ಅಡ್ಡತೊಲೆ. ಕಂಬದ ತಲೆಯನ್ನು ಎಲ್ಲಾ ಕಡೆ ಸವರಿ ನಾಲಿಗೆಯ ಹಾಗೆ ಮಾಡಬೇಕು, ತೊಲೆಯಲ್ಲಿ ಅದಕ್ಕೆ ಸರಿಯಾದ ತೂತು ಕೊರೆಯಬೇಕು, ನಾಲಿಗೆ ಆ ತೂತಿನೊಳಗೆ ಬಿಗಿಯಾಗಿ ಕೂರಬೇಕು. ಲಾಳಿ ಓಡುವ ಹಲಗೆ ತೊಲೆಯಿಂದ ನೇತಾಡುವುದರಿಂದ ಪ್ರತಿ ಬಡಿತವೂ ಆ ಸೇರುವೆಗೇ ತಗಲುತ್ತದೆ.

"ಗೀಟು ಉಳೀಬೇಕು. ಗರಗಸ ಅದರ ಆಚೆ ಓಡ್ಬೇಕು," ಎಂದು ಆಚಾರಿ ಹೇಳಿದ್ದ. ನಾನು ಗೀಟಿನ ಮೇಲೇ ಓಡಿಸಿದೆ. ಗರಗಸದ ದಪ್ಪದಷ್ಟು ಮರ ಹೋಯಿತು. ಗುರುವಾರ ಮಧ್ಯಾಹ್ನ ಆಚಾರಿ ಊಟಕ್ಕೆ ಹೋದಾಗ ಕೂರಿಸಿ ನೋಡಿದೆ. ಒಂದು ನಾಲಿಗೆ ತೂತಿನಲ್ಲಿ ಗಡಗಡ ಅಂದಿತು.

ನೇಯುವವನಿಗೆ ಸಡಿಲವಾದದ್ದು ಕಂಡರೆ ಕೈ ಹೋಗುವುದು ಎರಡೇ ಕಡೆ, ನೂಲಿಗೆ ಮತ್ತು ಗಂಜಿಗೆ. ಗಂಜಿಯಲ್ಲಿ ಅದ್ದಿದ ನೂಲನ್ನು ಆ ನಾಲಿಗೆಗೆ ಒತ್ತೊತ್ತಾಗಿ ಸುತ್ತಿ, ತೊಲೆ ಇಟ್ಟು ಕೊಡತಿಯಿಂದ ಬಡಿದೆ. ಒಣಗಿದ ಮೇಲೆ ಕಲ್ಲಿನ ಹಾಗಿತ್ತು. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಅತ್ತೆಗೆ ತಡೆಯಲಾಗದೆ ಮೊದಲೇ ಗುಂಡಿಗೆ ಇಳಿದು ಕೂತಳು. ಆಚಾರಿ ಹೊಸ್ತಿಲ ಮೇಲೆ ಎಲೆಯಡಿಕೆ ಹಾಕುತ್ತಿದ್ದ. ಮಗ್ಗಕ್ಕೆ ಏರಿಸಲು ಗಂಜಿ ಹಾಕಿ ಸುತ್ತಿಟ್ಟಿದ್ದ ಉದ್ದೆಳೆಗಳ ಹಾಸನ್ನು ತಬ್ಬಿಕೊಂಡು ಅತ್ತೆಯ ಮಗಳು ಬಾಗಿಲಲ್ಲಿದ್ದಳು. ತಾತ ತೊಲೆ ಹಿಡಿದು ಒಮ್ಮೆ ಅಲ್ಲಾಡಿಸಿದ. ಏನೂ ಆಗಲಿಲ್ಲ. ಎರಡನೇ ಸಲ ಒಣಗಂಜಿ ಪಟಪಟ ಅಂತ ಬಿರಿದ ಸದ್ದು ನನಗೆ ಕೇಳಿಸಿತು. ಬಾಯಿ ತೆರೆಯುವಷ್ಟರಲ್ಲಿ ಮೂರನೇ ಸಲ ಅಲ್ಲಾಡಿಸಿದ. ತೊಲೆಯ ಎಡತುದಿ ಕಳಚಿ ಕೆಳಗೆ ಬಂತು.

 

ಅತ್ತೆ ಪಕ್ಕದಲ್ಲಿ ಬಿದ್ದ ತೊಲೆಯನ್ನು ನೋಡಿದಳು, ಮೇಲೆ ತಾತನನ್ನು ನೋಡಿದಳು. "ಅಪ್ಪಾ, ನನ್ನ ತಲೆ ಎಲ್ಲೈತೆ ಅಂತ ನೋಡ್ಕೊಂಡು ಅಲ್ಲಾಡ್ಸು."

ಆಚಾರಿ ಎದ್ದು ಬಂದು ಕಂಬದ ತಲೆಯಿಂದ ನೂಲನ್ನು ಉಗುರಲ್ಲಿ ಬಿಡಿಸಿದ. "ಏನಪ್ಪಾ ಇದು! ಮರಕ್ಕೆ ಸೀರೆ ಉಡ್ಸಿದೀಯಾ? ಕುಪ್ಪಸ ಎಲ್ಲಿ?"

"ಸೀರೆಗೆ ಅಂಚು ನೇಯೋದೇ ನೀನು ಮರೆತ್ಬಿಟ್ಟೆ, ಬಾವ," ಅಂದಳು ಅತ್ತೆಯ ಮಗಳು ನನಗೆ. ಅವಳೂ ಆಚಾರಿಯೂ ನಕ್ಕರು. ತಾತ ನಗಲಿಲ್ಲ. "ಮಗ್ಗ ಇಲ್ಲ," ಅಂದ.

"ನೂಲು ಸುತ್ತಿದ್ದು ನಾನು, ತಾತ. ಅತ್ತೆಗೆ ಗೊತ್ತಿರ್ಲಿಲ್ಲ," ಅಂದೆ ನಾನು.

ಅತ್ತೆ ಗುಂಡಿಯಿಂದ ಮೇಲೆ ಬಂದಳು. "ಸೋತಿದ್ದು ಇವನ ಕೈ. ನನ್ನ ಕಣ್ಣು ಸೋತಿಲ್ಲ. ಮಧ್ಯಾನದ ಊಟದ ಒತ್ತಿನವರೆಗೂ ಬಿಡು."

ತಾತ ಹೊಸ್ತಿಲ ಮೇಲೆ ಕೂತ. "ಬಿಟ್ಟೆ."

ಕಂಬಗಳನ್ನು ಕಿತ್ತು ಅಂಗಳಕ್ಕೆ ತಂದೆವು. ಕೆಟ್ಟ ನಾಲಿಗೆಯನ್ನು ಕತ್ತರಿಸಿ ಹಾಕಿ, ಎತ್ತರ ಸಮವಾಗಲಿ ಎಂದು ಚೆನ್ನಾಗಿದ್ದದ್ದನ್ನೂ ಕತ್ತರಿಸಿದೆವು. ಆಚಾರಿ ಮತ್ತೆ ಗೀಟು ಹಾಕಿದ. ಅತ್ತೆ ಒಂದು ಎಳೆ ನೂಲು ತಂದು, ಎರಡು ಸಣ್ಣ ಮೊಳೆ ಹೊಡೆದು, ಆ ಗೀಟಿನ ಮೇಲೆ ಬಿಗಿಯಾಗಿ ಕಟ್ಟಿದಳು.

"ಗರಗಸ ಇದಕ್ಕೆ ತಗುಲ್ಬಾರ್ದು. ಹಾಸಲ್ಲಿ ಎಳೆ ಕಡಿದ್ರೆ ಎಂಗೋ ಅಂಗೇ ಅಂದ್ಕೊ."

ಗೀಟಿಗೆ ನನ್ನ ಕೈ ಹೆದರಿರಲಿಲ್ಲ. ಎಳೆ ಕಡಿಯುವುದಕ್ಕೆ ಹೆದರಿತು. ತನ್ನಷ್ಟಕ್ಕೆ ನಿಧಾನವಾಯಿತು. ಅತ್ತೆ ಮುಖ ಬಗ್ಗಿಸಿ ಹೊಟ್ಟು ಊದುತ್ತಾ, "ಒಳಕ್ಕೆ ಬರ್ತಾ ಐತೆ... ಆಚೆಗೆ... ಆಂ, ಅಂಗೇ ಓಗು," ಅನ್ನುತ್ತಿದ್ದಳು. ಪ್ರತಿ ಗೀಟಿಗೂ ಹೊಸದಾಗಿ ನೂಲು ಕಟ್ಟಿದಳು. ಒಂದೂ ಕಡಿಯಲಿಲ್ಲ.

ಈ ಸಲ ಬರೀ ಕೈಯಿಂದ ಒತ್ತಿದರೆ ನಾಲಿಗೆ ಒಳಗೆ ಹೋಗಲೇ ಇಲ್ಲ. ಆಚಾರಿ ಎಡಗೈಯಲ್ಲಿ ಉಳಿ ಹಿಡಿದು ಈರುಳ್ಳಿ ಸಿಪ್ಪೆಯಷ್ಟು ಸವರಿದ. ನಾನು ಕೊಡತಿಯಿಂದ ಬಡಿದೆ. ಟಣಟಣ ಅನ್ನುತ್ತಿದ್ದ ಸದ್ದು ಕೊನೆಗೆ ದಪ್ ಅಂತ ಮುಚ್ಚಿಕೊಂಡಿತು.

ಅನ್ನ ಬಸಿಯುವ ಹೊತ್ತಿಗೆ ಕಂಬಗಳು ಮತ್ತೆ ನಿಂತಿದ್ದವು. ತಾತ ಅತ್ತೆಯನ್ನು ಬಾಗಿಲಾಚೆ ನಿಲ್ಲಿಸಿ ತೊಲೆ ಅಲ್ಲಾಡಿಸಿದ. ಮೂರು ಸಲ. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ಎರಡು ಕೈಯಲ್ಲೂ ತೊಲೆ ಹಿಡಿದು ಎರಡೂ ಕಾಲು ಮೇಲೆತ್ತಿ ನೇತಾಡಿದ.

"ತಾತ, ಉಯ್ಯಾಲೆ ಸಾಕು, ಇಳಿ!" ಅಂದಳು ಅತ್ತೆಯ ಮಗಳು.

ಇಳಿದು ಅಂಗೈ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದ. "ಹಾಸು ತಗೊಂಡ್ ಬಾ. ಮಗ್ಗ ನಾಲ್ಕು ಬೆರಳು ಕುಳ್ಳ ಆಯ್ತು. ಏಳುವಾಗ ತಲೆ ನೋಡ್ಕೊ."

ಅತ್ತೆ ಸಾಯುವವರೆಗೂ ಅದರಲ್ಲೇ ನೇಯ್ದಳು. ತಾತ ಇಲ್ಲ, ಆಚಾರಿ ಇಲ್ಲ. ಕಂಡವರಲ್ಲಿ ನನ್ನ ಹೊರತು ಈಗ ಬದುಕಿರುವವಳು ಹಾಸು ತಬ್ಬಿ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮಗಳೊಬ್ಬಳೇ. ಮರುವರ್ಷ ಅವಳನ್ನು ನನಗೇ ಕೊಟ್ಟರು. ಇದನ್ನು ಬರೆದು ಅವಳಿಗೆ ಓದಿ ಹೇಳಿದಾಗ, ಕೊನೆಯಲ್ಲಿ ತಾತ ಅಲ್ಲಾಡಿಸಿದ್ದು ನಾಲ್ಕು ಸಲ ಅಂದಳು. ನಾನು ಕಂಡದ್ದು ಮೂರು.