ಕಪನೂರದ ಮೂರು ಹೆಣಗಳು

ಹೋದ ಮಂಗಳವಾರ ಮೂರು ಕೊಲೆಗಳ ವಿಚಾರಣೆಗೆಂದು ನಾನು ಪೊಲೀಸ್ ಠಾಣೆಗೆ ಹೋಗಿದ್ದೆ. ಗಾಬರಿಯಾಗಬೇಡಿ. ಕೊಲೆ ಮಾಡಿದವನು ನನ್ನ ಅಕ್ಕನ ಮಗ. ಸತ್ತವರು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೊಂದವನಿಗೂ!

ಶರಣು ಕಮಲಾಪುರದ ಹುಡುಗ. ಕಲಬುರಗಿಯಲ್ಲಿ ಡಿಗ್ರಿ ಮುಗಿಸಿ ರ‍್ಯಾಪರ್ ಆದ. (ರ‍್ಯಾಪರ್ ಎಂದರೆ ತಾಳ ತಪ್ಪದಂತೆ ಜಗಳ ಆಡುವವನು. ನನಗೆ ತಿಳಿದದ್ದು ಇಷ್ಟೇ.) ಮೊಬೈಲಿನಲ್ಲಿ ಅವನ ಹೆಸರು 'ಖತರಾ ಕಮಲಾಪುರ'. ಅವನಿಗೊಬ್ಬ ವೈರಿ, 'ಜಗತ್ ಜಹರ್'. (ಇವನು ಅಪಾಯ, ಅವನು ವಿಷ.) ಎರಡು ವರ್ಷದಿಂದ ಇಬ್ಬರೂ ಹಾಡಿನಲ್ಲೇ ಬೈದಾಡುತ್ತಿದ್ದಾರೆ. ಜಗತ್ ಸರ್ಕಲ್ಲಿನ ಚಹಾದಂಗಡಿ ಹುಡುಗರು ಎರಡು ಪಾರ್ಟಿಯಾಗಿ ಕಾಮೆಂಟ್ ಹಾಕುತ್ತಾರೆ.

ಈ ಸಲ ಶರಣು ಕತ್ತಿ ಹಿಡಿದುಕೊಂಡು 'ಕಪನೂರದಾಗ ಮೂರು ಹೆಣ ಕೆಡವೀನಿ, ಮುಂದಿಂದು ನಿಂದೇ' ಎಂದು ಹಾಡಿ ವಿಡಿಯೊ ಬಿಟ್ಟ. ಜಹರನ ಉತ್ತರದಲ್ಲೂ ಹೆಣಗಳಿಗೇನೂ ಕಡಿಮೆ ಇರಲಿಲ್ಲ. ಯಾರೋ ದೂರು ಕೊಟ್ಟರು. ಇಬ್ಬರಿಗೂ ಠಾಣೆಯಿಂದ ಕರೆ ಬಂತು. ಅಕ್ಕ ಫೋನಿನಲ್ಲಿ ಅತ್ತಳು. ಸೇಡಂ ರಸ್ತೆಯಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಹೇಳುವ ತಮ್ಮ ಇರುವುದು ಇನ್ಯಾತಕ್ಕೆ? ರಜೆ ಹಾಕಿ ಹೋದೆ.

ಹೆಡ್ ಕಾನ್‌ಸ್ಟೆಬಲ್ ಹಾಳೆಯ ಅಂಚು ಮಡಚಿ, ಪೆನ್ನು ತೆರೆದು ಶಾಂತವಾಗಿ ಕೇಳಿದರು.

"ಹೇಳಪಾ. ಆ ಮೂರು ಮಂದಿ ಯಾರು?"

"ಯಾರೂ ಇಲ್ರೀ ಸರ್."

"ಮತ್ತ ಮೂರು ಅಂತ ಹೆಂಗ ಎಣಿಸಿದಿ?"

"ಹಾಡಿನ ಬೀಟಿಗಿ ಮೂರು ಕೂಡ್ತದ್ರೀ. ಐದು ಅಂದ್ರೂ ಕೂಡ್ತದ, ಆದ್ರ ಐದು ಭಾಳ ಆಯ್ತಲ್ರೀ."

ಕತ್ತಿಯ ವಿಷಯ ಬಂದಾಗ ಅವನು ನನ್ನ ಕಡೆ ನೋಡಿದ. ನಾನೇ ಬಾಯಿ ಬಿಟ್ಟೆ. ನಮ್ಮ ಮನೆತನದ ಮದುವೆಗಳಲ್ಲಿ ವರನ ಕೈಗೆ ಕತ್ತಿ ಕೊಡುತ್ತೇವೆ, ತುದಿಗೆ ಒಂದು ನಿಂಬೆಹಣ್ಣು ಚುಚ್ಚಿ. ನಮ್ಮಣ್ಣನ ಮಗನ ಮದುವೆ ಮುಗಿದ ಸಂಜೆ ಈ ಮಹಾಶಯ ಅದನ್ನೇ ಹಿಡಿದು ಶೂಟಿಂಗ್ ಮಾಡಿದ್ದ. ನಿಂಬೆಹಣ್ಣು ತೆಗೆಯುವುದನ್ನು ಮರೆತಿದ್ದ! ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ವಿಡಿಯೊ ನಿಲ್ಲಿಸಿ, ಹಿಗ್ಗಿಸಿ ನೋಡಿದರು. ಮೀಸೆಯ ಮೇಲೆ ಕೈ ಇಟ್ಟುಕೊಂಡು ನಗು ತಡೆದರು.

"ಎಲ್ಲಾ ಕಟ್ಟಿದ ಮಾತು, ನಾ ಯಾರಿಗೂ ಏನೂ ಮಾಡಿಲ್ಲ, ಮುಂದನೂ ಮಾಡಂಗಿಲ್ಲ ಅಂತ ಬರದು ಸಹಿ ಮಾಡು. ಮನಿಗಿ ನಡಿ."

ಇಷ್ಟು ಸುಲಭದ ಬಿಡುಗಡೆ ಯಾರಿಗೆ ಸಿಗುತ್ತದೆ? ಆದರೆ ಶರಣು ಪೆನ್ನು ಮುಟ್ಟಲಿಲ್ಲ. ನನ್ನನ್ನು ಮೂಲೆಗೆ ಎಳೆದ.

"ಮಾಮಾ, ಖರೇ ಅಂದ್ರ ಕೇಸ್ ಆಗ್ತದ. ಸುಳ್ಳು ಅಂತ ಬರದ್ರ ಜಹರ್ ಊರಿಗೆಲ್ಲಾ ಹಾಡ್ತಾನ. ನಂದು ಕರಿಯರ್ ಖತಂ."

ನನಗೆ ಮೈಯೆಲ್ಲ ಉರಿಯಿತು. ಯಾರನ್ನೂ ಕೊಂದಿಲ್ಲ ಎಂದು ಒಪ್ಪಿಕೊಳ್ಳಲು ಇಷ್ಟು ಸಂಕಟವೇ? ಆದರೆ ಹುಡುಗನ ಕಣ್ಣಲ್ಲಿ ನೀರಿತ್ತು. ಎರಡು ವರ್ಷ ಕಷ್ಟಪಟ್ಟು ಸಂಪಾದಿಸಿದ ಕೆಟ್ಟ ಹೆಸರು. ಪಾಪ ಅನಿಸಿತು.

ಎದುರಿನ ಬೆಂಚಿನಲ್ಲಿ ಜಹರ್ ಕೂತಿದ್ದ. ಕಪ್ಪು ಕನ್ನಡಕ, ಕುತ್ತಿಗೆಗೆ ಸರಪಳಿ, ತುಟಿಯಲ್ಲಿ ನಗೆ.

ಅಷ್ಟರಲ್ಲಿ ಕಮಲಾಪುರದ ಬಸ್ಸಿಳಿದ ಅಕ್ಕ, ಚೀಲದ ತುಂಬ ಕೆಂಪು ಬಾಳೆಹಣ್ಣು ಹೊತ್ತು ಒಳಗೆ ನುಗ್ಗಿದಳು.

"ಸಾಹೇಬ್ರ, ಇವ ಏನ್ ಹೆಣ ಕೆಡವ್ತಾನ್ರೀ? ಗ್ವಾಡಿ ಮ್ಯಾಲ ಹಲ್ಲಿ ಕಂಡ್ರ ಮಂಚ ಬಿಟ್ಟು ಇಳಿಯಂಗಿಲ್ಲ. ಈಗೂ ನಾನೇ ಕಸಬರಗಿ ತಗೊಂಡು ಓಡಿಸ್ಬೇಕು!"

ಶರಣು ಮುಖ ಮುಚ್ಚಿಕೊಂಡ. ಜಹರ್ ತೊಡೆ ತಟ್ಟಿಕೊಂಡು ನಕ್ಕ. ಮುಂದಿನ ಹಾಡು ಅವನಿಗೆ ಪುಕ್ಕಟೆ ಸಿಕ್ಕಿತ್ತು.

ನಗು ಪೂರ್ತಿ ಮುಗಿಯಲಿಲ್ಲ. ಯಾರದೋ ಗೃಹಪ್ರವೇಶದ ಪೂಜೆ ಮುಗಿಸಿ, ಧೋತರದಲ್ಲೇ ಜಹರನ ತಂದೆ ಬಂದರು. ಪೌರೋಹಿತ್ಯ ಮಾಡುವ ಹಿರಿಯರು. ಕೈಮುಗಿದು ನಿಂತರು.

"ಖರೇ ಹೇಳ್ಲಿಕತ್ತೀನ್ರೀ ಸಾಹೇಬ್ರ. ನಮ್ಮ ಪ್ರಹ್ಲಾದ ಸಂಧ್ಯಾವಂದನಿ ಮಾಡಲಾರದ ಚಹಾ ಸುದ್ದಾ ಮುಟ್ಟಂಗಿಲ್ಲ. ನಿನ್ನಿ ಸತ್ಯನಾರಾಯಣ ಪೂಜಾಕ್ಕ ನನ್ನ ಕೂಡ ಬಂದು ಘಂಟಿ ಬಾರಿಸ್ಯಾನ!"

ಪ್ರಹ್ಲಾದ! ಕಪ್ಪು ಕನ್ನಡಕ ತಾನಾಗಿಯೇ ಕಿಸೆಗೆ ಇಳಿಯಿತು. ವೈರಿಗಳು ಒಬ್ಬರನ್ನೊಬ್ಬರು ನೋಡಿದರು. ಎದ್ದು ವರಾಂಡಕ್ಕೆ ಹೋದರು. ನಾನು ನೀರು ಕುಡಿಯುವ ನೆಪದಲ್ಲಿ ಹಿಂದೆಯೇ ಹೋದೆ. (ಮೇಷ್ಟ್ರಿಗೆ ಇಂಥ ಚಟಗಳಿರುತ್ತವೆ.)

"ನೀ ಘಂಟಿ ಮಾತು ಎತ್ತಬ್ಯಾಡ," ಎಂದ ಜಹರ್.

"ನೀ ಹಲ್ಲಿ ಮಾತು ಎತ್ತಬ್ಯಾಡ," ಎಂದ ನಮ್ಮ ಖತರಾ.

ಕೈ ಕುಲುಕಿದರು. ಒಳಗೆ ಬಂದು ತೆಪ್ಪಗೆ ಸಹಿ ಹಾಕಿದರು. ಹೆಡ್ ಕಾನ್‌ಸ್ಟೆಬಲ್ ಬಾಳೆಹಣ್ಣು ಸುಲಿದರು.

ನಾವು ಹುಡುಗರಾಗಿದ್ದಾಗ ಕದ್ದು ಬೀಡಿ ಸೇದಿ, ಏಲಕ್ಕಿ ಜಗಿದು ಮನೆಗೆ ಹೋಗುತ್ತಿದ್ದೆವು. ಕೆಟ್ಟದ್ದು ಮನೆಯವರಿಗೆ ತಿಳಿದರೆ ಹೇಗೆ ಎಂಬ ಭಯ ನಮಗೆ. ಇವರಿಗೆ ಒಳ್ಳೆಯದು ಬೀದಿಗೆ ತಿಳಿದರೆ ಹೇಗೆ ಎಂಬ ಭಯ. ಸಜ್ಜನರಾಗಿರಲು ಇಷ್ಟು ಗುಟ್ಟು ಬೇಕೇ?

ಹೊರಡುವಾಗ ಅಕ್ಕ, ಠಾಣೆಯ ಮೊಹರು ಬಿದ್ದ ಆ ಹಾಳೆಯ ಝೆರಾಕ್ಸ್ ಬೇಕೆಂದು ಹಟ ಹಿಡಿದಳು.

"ಹೆಣ್ಣಿನ ಕಡಿಯವ್ರಿಗಿ ತೋರಿಸ್ಲಿಕ್ಕ ಬೇಕ್ರೀ. ನನ್ನ ಮಗ ಯಾರಿಗೂ ಏನೂ ಮಾಡಿಲ್ಲ ಅಂತ ಸರಕಾರದ ಸಿಕ್ಕಾನೇ ಬಿದ್ದದ!"

"ಯವ್ವಾ, ಕಾಲಿಗಿ ಬೀಳ್ತೀನಿ, ಯಾರಿಗೂ ತೋರಿಸ್ಬ್ಯಾಡ," ಎಂದು ಶರಣು ಗೋಗರೆದ.

ಒಳ್ಳೆಯವನೆಂದು ಗೊತ್ತಾದರೆ ಮಾನ ಹೋಗುವ ಕಾಲ ಬಂದಿದೆಯಲ್ಲ, ಇದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡಲಿ?