ಅಟ್ಟದಿಂದ ಇಳಿದ ಊರು

ನಮ್ಮ ಸೋದರಮಾವನ ಮಾತು ಅಂತ ನನಗೆ ನೆನಪಿರುವುದು ಎರಡೇ. ಒಂದು 'ಹೂಂ', ಇನ್ನೊಂದು 'ನೋಡಾನ'. ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋದರೆ ದನ ಮನೆಗೆ ಬರುವ ಹೊತ್ತಿಗೇ ಅವರೂ ಬರುತ್ತಿದ್ದುದು. ಮದುವೆಮನೆಗೆ ಹೋದರೂ ಚಪ್ಪರದ ಗಂಟು ಸರಿಯಾಗಿದೆಯಾ ಅಂತ ನೋಡಿ, ಊಟಕ್ಕೆ ಮುಂಚೆ ತೋಟ ಸೇರಿಕೊಳ್ಳುತ್ತಿದ್ದರು. ಅತ್ತೆಗೆ ಅದೇ ಕೊರಗು. "ಇವರಿಗೆ ಹೇಳೋದೂ ಒಂದೇ, ತೆಂಗಿನ ಮರಕ್ಕೆ ಹೇಳೋದೂ ಒಂದೇ" ಅನ್ನುವರು. ಆದರೂ ದಿನವಿಡೀ ಹೇಳುವರು.

ನಮ್ಮ ತುರುವೇಕೆರೆ ಕಡೆ ಕೊಬ್ಬರಿಗೆ ಅವಸರವಿಲ್ಲ. ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟುಬಿಡಬೇಕು. ಒಳಗಿನ ನೀರು ತಾನಾಗಿ ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಟಗಟ ಅನ್ನಬೇಕು. ಮಾವ ಅಟ್ಟಕ್ಕೆ ಹಾಕುವ ಮುಂಚೆ ಕೆಲವು ಕಾಯಿಗಳ ಸಿಪ್ಪೆಯ ಮೇಲೆ ಕುಡುಗೋಲಿನ ತುದಿಯಲ್ಲಿ ಮುಖ ಕೆತ್ತುತ್ತಿದ್ದರು. ಯಾರಿಗೂ ತೋರಿಸಿದವರಲ್ಲ. ಸುಲಿಯುವ ದಿನ ಅವನ್ನು ತಾವೇ ಮೊದಲು ಸುಲಿದು ಸಿಪ್ಪೆಯನ್ನು ನೀರೊಲೆಗೆ ತಳ್ಳಿಬಿಡುತ್ತಿದ್ದರು. ಒಂದು ಸಲ ನೀರೊಲೆಯಲ್ಲಿ ಪೋಸ್ಟ್‌ಮ್ಯಾನ್ ಉರಿಯುತ್ತಿದ್ದುದನ್ನು ಕಂಡು ಅತ್ತೆ ಕೊಡ ಬಿಟ್ಟು ಓಡಿದ್ದರಂತೆ. ಆಮೇಲೇ ನಮಗೆಲ್ಲ ಗೊತ್ತಾಗಿದ್ದು.

ಹೋದ ವರ್ಷ ಮಾವ ತೀರಿಕೊಂಡರು. ಅವರು ಕೈಯಾರೆ ಹಾಕಿದ ಕಡೇ ಸಲದ ಕಾಯಿ ಅಟ್ಟದಲ್ಲೇ ಇತ್ತು. ವರ್ಷದ ತಿಥಿ ಮುಗಿದ ಮೇಲೆ ಅತ್ತೆ ಕಾಯಿ ಸುಲಿಯುವವನನ್ನು ಕರೆಸಿದರು. ಅಟ್ಟ ಹತ್ತಿದವನು ನಾನು. ಮೊದಲು ಇಳಿದದ್ದು ಮಾಯಸಂದ್ರದ ಬಸ್ಸಿನ ಕಂಡಕ್ಟರು, ಕಿವಿಗೆ ಸಿಕ್ಕಿಸಿದ ಪೆನ್ನಿನ ಸಮೇತ. ಹಿಂದೆಯೇ ದನದ ಡಾಕ್ಟರು, ಪಕ್ಕದ ತೋಟದ ಗೌಡರು, ನಾನು, ನಮ್ಮ ಸೀಮೆಹಸು. ಎಲ್ಲರಿಗೂ ಕಣ್ಣು, ಮೂಗು, ಕಿವಿ ಇದ್ದವು. ಬಾಯಿ ಮಾತ್ರ ಒಬ್ಬರಿಗೂ ಇರಲಿಲ್ಲ.

ಅತ್ತೆ ಜಗಲಿಯ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು.

"ನಾನಿಲ್ವೇನಪ್ಪಾ?"

"ಇನ್ನೂ ಅವೆ ಅತ್ತೆ, ಇರಿ."

"ನಲವತ್ತು ವರ್ಷ ಮುದ್ದೆ ಕಟ್ಟಿ ಇಕ್ಕಿದೀನಿ. ಹಸೂಗೂ ಒಂದು ಕಾಯಿ ಐತೆ, ನಂಗಿಲ್ವಾ?"

ನಗುತ್ತಲೇ ಕೇಳಿದರು. ಕೈ ಮಾತ್ರ ಹುಡುಕುತ್ತಲೇ ಇತ್ತು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಗೌಡರು ಓಡಿಬಂದರು. ಸುಲಿಯುವವನು ನೆಟ್ಟ ಹಾರೆಯ ಮೇಲಕ್ಕೆ ಅವರ ಮುಖವನ್ನೇ ಎತ್ತಿದ್ದ.

"ಲೇ ಲೇ, ತಗೀಲಾ! ಹಾಡಹಗಲೇ ನನ್ನ ಮೂತಿ ಸುಲೀತೀಯೇನ್ಲಾ?"

"ನೀವೇ ಅಂತ ಏನ್ ಗ್ಯಾರಂಟಿ ಗೌಡ್ರೇ?"

"ಮೂಗು ನೋಡ್ಲಾ! ನಮ್ಮಪ್ಪನ ಮೂಗು ಕಣ್ಲಾ ಅದು!"

ಕೊನೆಗೊಂದು ರಾಜಿಯಾಯಿತು. ಗೌಡರು ಆ ಕಡೆ ತಿರುಗಿ ನಿಂತರು, ಅವನು ಹಿಂದಲೆಯ ಕಡೆಯಿಂದ ನಿಧಾನಕ್ಕೆ ಸುಲಿದ. ಮುಖದ ಸಿಪ್ಪೆಯನ್ನು ಗೌಡರು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಕಂಡಕ್ಟರಿಗೆ ಆ ಮರ್ಯಾದೆ ಸಿಗಲಿಲ್ಲ.

ಅಟ್ಟ ಖಾಲಿಯಾಗುತ್ತಾ ಬಂತು. ಅತ್ತೆ ಮಾತು ನಿಲ್ಲಿಸಿದ್ದರು. ನಾನು ಹುಟ್ಟಿದಾಗಿನಿಂದ ಹಾಗಾದದ್ದಿಲ್ಲ. ನನಗೆ ಗಾಬರಿಯಾಗಿ ಮೂಲೆಮೂಲೆ ತಡಕಿದೆ. ತೀರಾ ಹಿಂದೆ, ಗೋಣಿಚೀಲ ಹೊದಿಸಿಟ್ಟಿದ್ದ ಒಂದು ಕಾಯಿ ಸಿಕ್ಕಿತು. ದೊಡ್ಡ ಕುಂಕುಮ, ಮೂಗುಬೊಟ್ಟು, ಅದರ ಕೆಳಗೆ ಈ ಕಿವಿಯಿಂದ ಆ ಕಿವಿವರೆಗೆ ತೆರೆದ ಬಾಯಿ, ಹಲ್ಲುಸಮೇತ. ಇಡೀ ಅಟ್ಟಕ್ಕೆ ಅದೊಂದೇ ಬಾಯಿ.

ಕೊಡಲೋ ಬೇಡವೋ ಅಂತ ನಾನು ಏಣಿಯ ಮೇಲೇ ನಿಂತಿದ್ದೆ. ಅತ್ತೆ ಬಂದು ಕಿತ್ತುಕೊಂಡರು.

"ಇಷ್ಟಗಲ ಐತೇನಪ್ಪಾ ನನ್ ಬಾಯಿ?"

ನಾನೂ ಸುಲಿಯುವವನೂ ಬೇರೆ ಬೇರೆ ಕಡೆ ನೋಡಿದೆವು.

ಅತ್ತೆ ಜಗಲಿಯ ಮೇಲಿದ್ದ ಬಾಯಿಲ್ಲದವರನ್ನೆಲ್ಲ ಒಂದು ಸುತ್ತು ನೋಡಿದರು. ಮತ್ತೆ ಕೈಲಿದ್ದುದನ್ನು ನೋಡಿದರು. "ಹಂಗಾದ್ರೆ ನಿಮ್ಮಾವ ಕೇಳುಸ್ಕೊತಿದ್ರು" ಅಂದರು, ಸಣ್ಣಗೆ.

ಸುಲಿಯುವವನು ಕಾಯಿ ಇಸಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. "ಇದಾಗಿಲ್ಲ ಕಣವ್ವ. ಒಳಗಿನ್ನೂ ನೀರೈತೆ. ಮ್ಯಾಕ್ ಹಾಕ್ಬುಡಿ."

"ಹಾಕ್ಬುಡಪ್ಪ. ನಂಗೇನ್ ಅವಸರ?"

ಅತ್ತೆಯನ್ನು ಮತ್ತೆ ಅಟ್ಟಕ್ಕೆ ಹತ್ತಿಸಿ, ಅದೇ ಮೂಲೆಯಲ್ಲಿಟ್ಟು, ಗೋಣಿಚೀಲ ಎಳೆಯುತ್ತಿದ್ದೆ. ಕೆಳಗಿನಿಂದ ಕೂಗು ಬಂತು:

"ಮುಖದ ಮ್ಯಾಲೆ ಹೊದಿಸ್ಬ್ಯಾಡ ಕಣಪ್ಪಾ!"